ಮೋಡ ಅಳಿಸಿದ ಚಿತ್ರ

ಉಪಗ್ರಹ ಚಿತ್ರ ನೋಡುವವರು ಮೊದಲು ಬೈಯುವುದು ಮೋಡವನ್ನು. ನಮ್ಮ ಜಾಲಪುಟದಲ್ಲಿ ಊರಿನ ಹೆಸರು ಹೊಡೆದರೆ ಸಾಕು, ಮೇಲಿಂದ ತೆಗೆದ ಹೊಸ ಚಿತ್ರ ಬರುತ್ತದೆ. ತರಬೇತಿ ಬೇಡ, ಯಾರ ಕೈಕಾಲು ಹಿಡಿಯುವುದೂ ಬೇಡ. ಆದರೂ ಬರೀ ಬಿಳಿ ಕಾಣುತ್ತದೆಂದು ದಿನಾ ದೂರು. ತಲೆ ಚಿಟ್ಟು ಹಿಡಿದು, ಮೋಡವಿದ್ದ ಕಡೆಯೆಲ್ಲ ಹಳೆಯ ಚಿತ್ರದ ತುಂಡು ತಾನಾಗಿ ಬಂದು ಕೂರುವಂತೆ ಮಾಡಿದೆ. ತೇಪೆ ಗೊತ್ತಾಗದಿರಲೆಂದು ಬಣ್ಣವನ್ನೂ ಹೊಂದಿಸಿದೆ. ಎಲ್ಲರೂ ಬೆನ್ನು ತಟ್ಟಿದರು, ನಾನೂ ಉಬ್ಬಿಹೋದೆ.

ನದಿ ಉಕ್ಕಿದ ಆ ಮಧ್ಯಾಹ್ನ ನೆರೆ ನಿಯಂತ್ರಣ ಕೊಠಡಿಯ ಅಧಿಕಾರಿ ಫೋನ್ ಮಾಡಿ ನಮ್ಮ ಪುಟವನ್ನು ಬಾಯ್ತುಂಬ ಹೊಗಳಿದರು. ಹಳೇ ಸೇತುವೆ ಗಟ್ಟಿಯಾಗಿ ನಿಂತಿರುವುದನ್ನು ಅದರಲ್ಲೇ ನೋಡಿ, ಆಸ್ಪತ್ರೆಯ ರೋಗಿಗಳ ಬಸ್ಸನ್ನು ಆ ದಾರಿಗೆ ಬಿಟ್ಟಿದ್ದರಂತೆ. ಆ ಬಸ್ಸು ಓಡಿಸುತ್ತಿದ್ದವಳು ನನ್ನ ಅಕ್ಕ.

ಫೋನಿಟ್ಟು ಸೇತುವೆಯನ್ನು ದೊಡ್ಡದು ಮಾಡಿ ನೋಡಿದೆ. ಸೇತುವೆಗೆ ಮುಂಚೆಯೂ ಅದನ್ನು ದಾಟಿದ ಮೇಲೂ ನದಿ ದಡ ಮೀರಿ ಹರಡಿತ್ತು. ಸೇತುವೆಯ ಬುಡದಲ್ಲಿ ಮಾತ್ರ ಮರಳು ಒಣಗಿಕೊಂಡಿತ್ತು. ದಿನಾಂಕ ತೆಗೆದು ನೋಡಿದೆ. ಆ ತುಂಡು ಒಂಬತ್ತು ದಿನ ಹಳೆಯದು.

ಅಕ್ಕ ಗಾಡಿ ಓಡಿಸುವಾಗ ಫೋನ್ ಎತ್ತುವವಳಲ್ಲ. ಅವಳ ಶಿಸ್ತಿಗೆ ಶಾಪ ಹಾಕುತ್ತ ಆಸ್ಪತ್ರೆಗೆ ಫೋನ್ ಮಾಡಿ, ಬಸ್ಸಿನಲ್ಲಿದ್ದ ನರ್ಸಿನ ನಂಬರ್ ಗೋಗರೆದು ಇಸಿದುಕೊಂಡೆ. ಆಕೆ ಫೋನನ್ನು ಅಕ್ಕನ ಕಿವಿಗೆ ಹಿಡಿದರು.

"ನಿಲ್ಸಕ್ಕಾ. ಸೇತುವೆ ಹತ್ತಬೇಡ."

"ಬಿದ್ದಿದ್ಯಾ?"

"ಗೊತ್ತಿಲ್ಲ. ಅಲ್ಲಿ ಮೋಡ ಇತ್ತು, ನಾನು ಹಳೇದು ಹಾಕಿದ್ದೆ."

ಬ್ರೇಕಿನ ಸದ್ದು ಕೇಳಿಸಿತು. ಅವಳು ಇಳಿದು ತಿರುವಿನಾಚೆ ನೋಡಿಬರಲು ಹೋದಳೆಂದು ನರ್ಸ್ ಹೇಳಿದರು. ಫೋನ್ ಇಡದೆ ಕಾದೆ. ಅಕ್ಕ ಏದುಸಿರು ಬಿಡುತ್ತ ಬಂದಳು.

"ನಾಲ್ಕು ಕಂಬ ಆದ್ಮೇಲೆ ಏನೂ ಇಲ್ಲ. ಹದಿನೆಂಟು ಜನ ಇದಾರೆ ಕಣೇ ಬಸ್ಸಲ್ಲಿ. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಂತ ತೋರ್ಸೋಕೆ ನಿಂಗೇನು ಧಾಡಿ?"

ಅಳುವುದಕ್ಕೂ ಪುರುಸೊತ್ತಿರಲಿಲ್ಲ. ಅಧಿಕಾರಿಗೆ ಫೋನ್ ಮಾಡಿ ಸೇತುವೆ ಹೋಗಿದೆ, ಚಿತ್ರದಲ್ಲಿರುವುದು ಹಳೆಯದು ಎಂದೆ. ಅವರು ನಂಬಲಿಲ್ಲ. ಡ್ರೈವರ್ ದಾರಿ ತಪ್ಪಿ ಬೇರೆಲ್ಲೋ ನಿಂತಿರಬೇಕು, ಚಿತ್ರ ಕಣ್ಣೆದುರೇ ಇದೆ, ಎರಡನೇ ಬಸ್ಸೂ ಹೊರಟಾಯಿತು ಎಂದರು.

ಒಂದೊಂದೇ ತೇಪೆ ಕೀಳುತ್ತ ಕೂರುವಷ್ಟು ಹೊತ್ತಿರಲಿಲ್ಲ. ಆರು ವರ್ಷ ಕಷ್ಟಪಟ್ಟು ಕಟ್ಟಿದ ಪುಟವನ್ನೇ ಬಂದ್ ಮಾಡಿದೆ.

"ಈಗ ನೋಡಿ ಸಾರ್. ಏನು ಕಾಣ್ತಿದೆ?"

"ಏನೂ ಇಲ್ವಲ್ಲಮ್ಮ."

"ಅಲ್ಲೂ ಅಷ್ಟೇ ಸಾರ್. ಬಸ್ ನಿಲ್ಸಿ."