ನಮ್ಮನೆ ಗುರುತು

"ಇದು ಯಾರ ಗುರುತು ಅಕ್ಕಾ?"

ಔಷಧಿ ಅಂಗಡಿಯವಳು ಪುಟ್ಟ ಅಂಗಿಯೊಂದನ್ನು ಕೌಂಟರಿನ ಮೇಲೆ ಹರಡಿ, ಕೊರಳಪಟ್ಟಿಯನ್ನು ಬೆರಳಿನಿಂದ ಹೊರಳಿಸಿ ತೋರಿಸಿದಳು. ಒಳಮಗ್ಗುಲಲ್ಲಿ ನೀಲಿ ದಾರದ ಎರಡು ಅಡ್ಡಗೆರೆಗಳಿದ್ದವು. ಒಂದು ಗೆರೆ ಮೇಲಕ್ಕೆ ಹತ್ತಿತ್ತು, ಇನ್ನೊಂದು ಅರ್ಧಕ್ಕೆ ಬಂದು ಕೆಳಗೆ ಜಾರಿತ್ತು. ತುದಿಯಲ್ಲಿ ಕಾಳಿನಷ್ಟು ದಪ್ಪದ ಗಂಟು.

ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಲಾಂಡ್ರಿಯವಳು ಬಗ್ಗಿ ನೋಡಿದಳು. ಅವರ ಲಾಂಡ್ರಿಯಲ್ಲಿ ಪ್ರತಿ ಮನೆಗೂ ಒಂದೊಂದು ಗುರುತು. ಎಲ್ಲರ ಬಟ್ಟೆಯೂ ಒಂದೇ ಹಂಡೆಯಲ್ಲಿ ಬೇಯುವುದರಿಂದ, ನೀರಿಗೆ ಬೀಳುವ ಮೊದಲೇ ಕೊರಳಲ್ಲೋ ಅಂಚಿನಲ್ಲೋ ಬಣ್ಣದ ದಾರದಿಂದ ಹೊಲಿದುಬಿಡಬೇಕು. ಔಷಧಿ ಅಂಗಡಿಯವರದು ಕೆಂಪು ಚುಕ್ಕಿ. ನೀಲಿ ಗೆರೆ ಎರಡು ಎಂದರೆ ಅದು ಅವಳದೇ ಮನೆಯದು. ಗಂಡನ ಬನಿಯನ್ನಿಗೂ ಅದೇ, ಅತ್ತೆಯ ಶಾಲಿಗೂ ಅದೇ. "ನನ್ನ ಬೆನ್ನಿಗೂ ಒಂದು ಹೊಲಿದುಬಿಡೇ, ಎಲ್ಲಾದರೂ ಕಳೆದುಹೋದರೆ ಯಾರಾದರೂ ತಂದು ಕೊಡ್ತಾರೆ" ಎಂದು ಗಂಡ ಹಿಂದೆಲ್ಲ ತಮಾಷೆ ಮಾಡುತ್ತಿದ್ದ.

"ಒಂದೇ ಆಗಿದ್ರೆ ಸುಮ್ನಿರ್ತಿದ್ದೆ. ನೋಡಿ, ಟೋಪಿಗೂ ಇದೆ, ಹೊದಿಕೆಗೂ ಇದೆ. ಗಂಟು ಒತ್ತಿ ಒತ್ತಿ ಮಗೂ ಕುತ್ತಿಗೆ ಕೆಂಪಾಗಿದೆ."

"ಏನೋ ತಪ್ಪಾಗಿದೆ. ಸಂಜೆಯೊಳಗೆ ಬಿಚ್ಚಿ ಕೊಡ್ತೀನಿ."

ಔಷಧಿ ಅಂಗಡಿಯವಳು ಹೋಗಲಿಲ್ಲ. ಹೆಗಲಿಗೆ ಒರಗಿ ಮಲಗಿದ್ದ ಮಗುವಿನ ತಲೆಯನ್ನು ಅಂಗೈಯಿಂದ ಮುಚ್ಚಿಕೊಂಡು, ಕೌಂಟರಿನ ಅಂಚನ್ನೇ ನೋಡುತ್ತ ನಿಂತಳು.

"ತಪ್ಪು ತಿಳ್ಕೋಬೇಡಿ ಅಕ್ಕಾ. ನಿಮ್ಮ ಕಷ್ಟ ನಂಗೊತ್ತಿಲ್ವಾ. ಆದ್ರೆ ನಿಮ್ಮನೆ ಗುರುತು ನನ್ ಮಗೂ ಮೈಮೇಲೆ ಬೇಡ." ಅಷ್ಟು ಹೇಳಿ, ಹೇಳಿದ್ದಕ್ಕೆ ತಾನೇ ಹೆದರಿದವಳಂತೆ ಸರಸರನೆ ಮೆಟ್ಟಿಲಿಳಿದು ಹೊರಟುಹೋದಳು.

ಲಾಂಡ್ರಿಯವಳಿಗೆ ಸಿಟ್ಟು ಬರಲಿಲ್ಲ. ಇಬ್ಬರ ಹೊಟ್ಟೆಯೂ ಒಟ್ಟಿಗೇ ಬೆಳೆದಿತ್ತು. ಇದೇ ಕೌಂಟರಿಗೆ ಆಚೆಗೊಂದು ಈಚೆಗೊಂದು ಹೊಟ್ಟೆ ಆನಿಸಿಕೊಂಡು, ಯಾರದು ದೊಡ್ಡದೆಂದು ನಕ್ಕಿದ್ದರು. ಆಮೇಲೆ ಒಬ್ಬಳು ಆಸ್ಪತ್ರೆಯಿಂದ ಮಗುವನ್ನು ಎತ್ತಿಕೊಂಡು ಬಂದಳು. ಇನ್ನೊಬ್ಬಳು, ಹೋಗುವಾಗ ತುಂಬಿಕೊಂಡು ಹೋಗಿದ್ದ ಚೀಲವನ್ನು ತೆರೆಯದೆ ಹಾಗೇ ತಂದಳು. ಹುಟ್ಟಿದ ಗಂಡುಮಗು ಉಸಿರಾಡಲೇ ಇಲ್ಲ.

ಮಕ್ಕಳ ಬಟ್ಟೆ ಇಡುವ ಕೆಳಗಿನ ಕಪಾಟಿನ ಮುಂದೆ ಅವಳು ಕುಳಿತಳು. ಮೂಲೆಮನೆಯ ಅವಳಿಮಕ್ಕಳ ಚಡ್ಡಿ, ಬಸ್ ಡ್ರೈವರನ ಮಗುವಿನ ಅಂಗಿ, ಯಾರದೋ ಅಜ್ಜಿ ಹೆಣೆದ ಸ್ವೆಟರು. ಒಂದೊಂದನ್ನೂ ಹೊರಳಿಸಿ ನೋಡಿದಳು. ಎಲ್ಲದರಲ್ಲೂ ಅವರವರ ಗುರುತಿನ ಪಕ್ಕದಲ್ಲೇ ನೀಲಿ ಗೆರೆಗಳು ಓಲಾಡುತ್ತಿದ್ದವು. ದೊಡ್ಡವರ ಬಟ್ಟೆ ಒಂದರಲ್ಲೂ ಇರಲಿಲ್ಲ. ಗಂಟು ನೋಡಿದ ಮೇಲೆ ಅನುಮಾನವೇ ಉಳಿಯಲಿಲ್ಲ. ಗಂಟು ಸಣ್ಣದಿರಬೇಕು, ಮೈಗೆ ಒತ್ತಬಾರದು ಎಂದು ಎಷ್ಟು ಸಲ ಹೇಳಿಕೊಟ್ಟರೂ ಕಲಿಯದ ಕೈ ಈ ಮನೆಯಲ್ಲಿ ಒಂದೇ ಇತ್ತು.

ಮಗಳನ್ನು ಎಲ್ಲರೂ ಕರೆಯುತ್ತಿದ್ದುದು ಗುಂಡಿ ಎಂದು. ನಡೆಯಲು ಕಲಿಯುವ ಮೊದಲೇ ಅವಳು ಉದುರಿದ ಅಂಗಿಗುಂಡಿಗಳ ಡಬ್ಬಿಯ ಯಜಮಾನಿಯಾಗಿದ್ದಳು. ಈಗ ಶಾಲೆಗೆ ಹೋಗುತ್ತಿದ್ದಳು. ಮೊದಲು ಬಾಯಿ ಮುಚ್ಚುತ್ತಿರಲಿಲ್ಲ, ಈಗ ತೆರೆಯುತ್ತಿರಲಿಲ್ಲ. ಶಾಲೆಯಿಂದ ಬಂದವಳೇ ಇಸ್ತ್ರಿ ಮೇಜಿನ ಕೆಳಗೆ ನುಸುಳಿ ಕೂರುತ್ತಿದ್ದಳು. ತಟ್ಟೆಗೆ ಹಾಕಿದ ಊಟವನ್ನು ಅತ್ತಿಂದಿತ್ತ ಸರಿಸಿ ಏಳುತ್ತಿದ್ದಳು. "ಏನೇ ಇದು, ಗುಂಡಿ ಕಿತ್ತುಹೋದ ಅಂಗಿ ಥರ ಆಗಿದೀಯ" ಎಂದು ಅಪ್ಪ ರೇಗಿಸಿದರೂ ನಗುತ್ತಿರಲಿಲ್ಲ. ತಮ್ಮ ಬರುತ್ತಾನೆಂದು ಕಾದಿದ್ದ ಕೂಸಲ್ಲವೇ, ನಾಲ್ಕು ದಿನ ಕಳೆದರೆ ಸರಿಹೋಗುತ್ತದೆ ಎಂದುಕೊಂಡಿದ್ದರು.

ಮೇಜಿನಿಂದ ಇಳಿಬಿದ್ದಿದ್ದ ಹಾಸುಬಟ್ಟೆಯನ್ನು ಅವಳು ಮೆಲ್ಲಗೆ ಎತ್ತಿದಳು. ಗುಂಡಿ ಮಂಡಿಯ ಮೇಲೆ ಮಗುವಿನ ಕಾಲ್ಚೀಲವೊಂದನ್ನು ಇಟ್ಟುಕೊಂಡಿದ್ದಳು. ಸೂಜಿ ಹಲ್ಲಿನ ನಡುವೆ ಇತ್ತು.

"ಸೂಜಿ ಬಾಯಿಂದ ತೆಗಿ. ಅದು ಯಾರ ಕಾಲ್ಚೀಲ?"

"ಡ್ರೈವರ್ ಮಾಮನ ಪಾಪೂದು."

"ಅದಕ್ಕೆ ನಮ್ಮನೆ ಗುರುತು ಯಾಕೆ?"

ಗುಂಡಿ ದಾರದ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಆಚೆ ಸ್ಟೂಲಿನ ಮೇಲೆ ಕುಳಿತು ಕರವಸ್ತ್ರ ಮಡಿಸುತ್ತಿದ್ದ ಅತ್ತೆಯ ಕೈ ನಿಧಾನವಾಯಿತು.

"ಮೇಷ್ಟ್ರ ಮನೆ ದಿಂಬಿನ ಕವರು ಡ್ರೈವರ್ ಮಾಮನ ಮನೆಗೆ ಹೋಗಿಬಿಟ್ಟಿತ್ತಲ್ಲ ಅಮ್ಮ. ಆ ಮಾಮ ಗುರುತು ನೋಡಿ, ನಮ್ದಲ್ಲ ಅಂತ ವಾಪಸ್ ತಂದ್ಕೊಟ್ರಲ್ಲ."

"ಹೂಂ."

"ಹಂಗೇ. ತಮ್ಮನೂ ತಪ್ಪಿ ಬೇರೆಯವ್ರ ಮನೆಗೆ ಹೋಗಿರ್ತಾನೆ. ಅವರು ಕೊರಳು ನೋಡ್ತಾರೆ. ನೋಡಿ ತಂದ್ಕೊಡ್ತಾರೆ." ಅವಳು ಹಾಸುಬಟ್ಟೆಯ ಸಂದಿನಿಂದ ಬೀದಿಯ ಕಡೆ ಕಣ್ಣು ಹಾಯಿಸಿದಳು. "ಔಷಧಿ ಅಂಗಡಿ ಆಂಟಿ ಬಂದ್ರಲ್ಲ ಈಗ. ಬರೀ ಬಟ್ಟೆ ಮಾತ್ರ ಕೊಟ್ಟು ಹೋದ್ರು."

ತಾಯಿ ಹಾಗೇ ನೆಲದ ಮೇಲೆ ಕುಳಿತುಬಿಟ್ಟಳು.

ಇದು ಎಲ್ಲಿಂದ ಬಂತೆಂದು ಅವಳಿಗೆ ಗೊತ್ತಿತ್ತು. ಆಸ್ಪತ್ರೆಯಿಂದ ಬಂದ ಹೊಸತರಲ್ಲಿ, ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಾಗ, ಅತ್ತೆ ಪ್ರಾರ್ಥನೆ ಮುಗಿಸಿ ಬಂದು ಪಕ್ಕದಲ್ಲಿ ಕುಳಿತು ತಲೆ ಸವರುತ್ತ ಹೇಳುತ್ತಿದ್ದರು: "ದೇವ್ರು ಮೊದ್ಲು ಮಣ್ಣಲ್ಲಿ ಮೈ ಮಾಡಿದ್ದಲ್ಲಮ್ಮ, ಮೊದ್ಲು ಮಾಡಿದ್ದು ಜೀವಗಳನ್ನ. ಲೋಕಕ್ಕೆ ಬೇಕಾದಷ್ಟನ್ನೂ ಒಂದೇ ಸಲ ಮಾಡಿಟ್ಟ. ಆಮೇಲೆ ಮೈ, ಆಮೇಲೆ ಉಸಿರು. ಒಂದೊಂದು ಜೀವಕ್ಕೂ ಇಂಥ ತಾಯಿ, ಇಂಥ ಮನೆ ಅಂತ ಗುರುತು ಹಾಕಿ ಸಾಲಾಗಿ ನಿಲ್ಲಿಸಿರ್ತಾನೆ. ಸರದಿ ಬಂದ ಹಾಗೆ ಕಳಿಸ್ತಾನೆ. ನಿನ್ ಮಗ ಎಲ್ಲೂ ಹೋಗಿಲ್ಲ. ದಾರಿ ತಪ್ಪಿದಾನೆ, ಅಷ್ಟೆ. ಕಾಯ್ತಿರ್ತಾನೆ."

ಮೊದಲು ಅದು ಅವಳ ಕಿವಿಗೆ ಬಿದ್ದಿರಲಿಲ್ಲ. ಆಮೇಲೆ ಅದನ್ನೇ ಕೇಳಬೇಕೆನಿಸತೊಡಗಿತು. ಕೆಲಸಕ್ಕೆ ನಿಂತ ಮೇಲೂ, ಬಿಸಿಬಟ್ಟೆಯ ಹಬೆ ಮುಖಕ್ಕೆ ಹೊಡೆಯುವಾಗ, ಅವನು ಅವಳಿಗೆ ಕಾಣುತ್ತಿದ್ದ. ಹಿಂಬದಿಯ ಕೋಣೆಯಲ್ಲಿ ತೊಳೆದ ಬಟ್ಟೆಗಳು ಸಾಲಾಗಿ ತೂಗುತ್ತವಲ್ಲ, ಅಂಥದೇ ಒಂದು ಉದ್ದನೆಯ ಸಾಲು, ಅದರಲ್ಲಿ ಎಲ್ಲೋ ಅವನು, ಕೊರಳಲ್ಲಿ ನೀಲಿಯ ಎರಡು ಗೆರೆ. ಇನ್ನೊಂದು ಹೆರಿಗೆ ಅವಳ ಮೈಗೆ ಆಗದು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅದು ಅವಳಿಗೂ ಗಂಡನಿಗೂ ಮಾತ್ರ ಗೊತ್ತಿತ್ತು. ಬರುವುದಿಲ್ಲ, ಸರಿ. ಆದರೂ ಅವನು ಅಲ್ಲಿ ಇದ್ದಾನೆ ಎಂಬುದೊಂದಿದ್ದರೆ ಬೆಳಿಗ್ಗೆ ಎದ್ದು ಒಲೆ ಹಚ್ಚಲು ಕೈ ಬರುತ್ತಿತ್ತು.

"ತಮ್ಮ ಯಾಕೆ ಪುಟ್ಟ ಬೇರೆಯವ್ರ ಮನೆಗೆ ಹೋಗ್ತಾನೆ?" ಎಂದಳು.

"ಅವನ ಗುರುತು ನಾನೇ ಬಿಚ್ಚಿದ್ದು."

"ಯಾವಾಗ?"

"ನೀನು ಆಸ್ಪತ್ರೆ ಚೀಲ ತುಂಬಿಟ್ಟಿದ್ದಾಗ. ಮೇಲ್ಗಡೆ ಬಿಳಿ ಅಂಗಿ ಇತ್ತಲ್ಲ, ಅದರದ್ದು. ಅದು ನನ್ ಗುರುತಲ್ವಾ? ನನ್ ಲಂಗದಲ್ಲಿರೋದು. ನನ್ನ ಕೇಳ್ದೆ ಅವನಿಗೂ ಹಾಕಿದ್ದೆ ನೀನು. ಪಿನ್ನಲ್ಲಿ ಬಿಚ್ಚಿಬಿಟ್ಟೆ." ಈಗ ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಆದರೆ ದನಿ ಇಳಿದಿರಲಿಲ್ಲ. "ಒಂದೇ ಅಂಗೀದು ಬಿಚ್ಚಿದ್ದು ಅಮ್ಮ. ಬೇರೇದೆಲ್ಲ ಹಂಗೇ ಇತ್ತು."

"ಅಯ್ಯೋ ನನ್ ಬಂಗಾರ" ಎಂದು ಅತ್ತೆ ಮಡಿಲಿನ ಕರವಸ್ತ್ರಗಳನ್ನೆಲ್ಲ ನೆಲಕ್ಕೆ ಚೆಲ್ಲಿ ಎದ್ದು ಬಂದರು.

ಅವಳು ಮಗಳನ್ನು ಹೊರಗೆಳೆದು ತೊಡೆಯ ಮೇಲೆ ಕೂರಿಸಿಕೊಂಡಳು. "ಅಂಗೀಲಿ ಗುರುತಿಲ್ದಿದ್ರೆ ಏನಾಯ್ತೇ? ದೇವ್ರಿಗೆ ಗೊತ್ತಿರಲ್ವಾ ಯಾರು ಯಾರ ಮಗು ಅಂತ?"

"ಗೊತ್ತಿದ್ರೆ ಯಾಕೆ ಕಳಿಸ್ಲಿಲ್ಲ?"

ಅದಕ್ಕೆ ಉತ್ತರ ಅತ್ತೆಯಿಂದ ಬಂತು. "ಕಳಿಸ್ತಾನೆ ಕಂದ. ಮತ್ತೆ ಅಮ್ಮನ ಹೊಟ್ಟೆಗೇ ಕಳಿಸ್ತಾನೆ. ನೀನು ಒಳ್ಳೆ ಹುಡುಗಿಯಾಗಿ ಊಟ ಮಾಡು, ನೋಡ್ತಿರು."

ಗುಂಡಿ ಅಜ್ಜಿಯ ಕಡೆ ತಿರುಗಲಿಲ್ಲ. ತಾಯಿಯ ಮುಖವನ್ನೇ ನೋಡಿದಳು. "ಯಾವಾಗ?"

ಬೇಗ ಎಂದುಬಿಡಬಹುದಿತ್ತು. ಬಾಯಿಯ ತನಕ ಬಂದೂ ಇತ್ತು. ಆದರೆ ಆ ಮುಖ ನೋಡುತ್ತಿದ್ದಂತೆ ಅವಳಿಗೆ ಮುಂದಿನದೆಲ್ಲ ಕಂಡುಬಿಟ್ಟಿತು. ಈ ಹುಡುಗಿ ಕಾಯುತ್ತಾಳೆ. ಈ ವರ್ಷ, ಬರುವ ವರ್ಷ, ತಾಯಿಯ ಹೊಟ್ಟೆ ನೋಡುತ್ತ ಕಾಯುತ್ತಾಳೆ. ಬಾರದ ಒಂದೊಂದು ವರ್ಷಕ್ಕೂ ತಾನು ಬಿಚ್ಚಿದ ಎರಡು ಗೆರೆ ದಾರವನ್ನೇ ಹೊಣೆ ಮಾಡುತ್ತಾಳೆ. ದೊಡ್ಡವಳಾದ ಮೇಲೆ ಅದನ್ನು ಯಾರಿಗೂ ಹೇಳುವುದಿಲ್ಲ.

"ಗುಂಡಿ, ಇಲ್ನೋಡು" ಎಂದಳು. "ಅಲ್ಲಿ ಯಾರೂ ಸಾಲಾಗಿ ನಿಂತಿಲ್ಲ."

"ಏ, ಹಾಗನ್ಬೇಡ ಕಣೇ" ಎಂದರು ಅತ್ತೆ.

"ಗುರುತು ಹಾಕೋದು ನಾವು. ಬಟ್ಟೆಗೆ ಮಾತ್ರ. ಜೀವಕ್ಕೆ ಯಾರೂ ಹಾಕಲ್ಲ."

"ಹಂಗಾದ್ರೆ ತಮ್ಮ ಬರೋಕ್ ಮುಂಚೆ ಎಲ್ಲಿದ್ದ?"

"ನನ್ನೊಳಗಿದ್ದ."

"ಅದಕ್ಕೂ ಮುಂಚೆ?"

"ಅದಕ್ಕೂ ಮುಂಚೆ ಇರ್ಲಿಲ್ಲ."

"ಈಗ?"

ಹಿಂದುಗಡೆ ಗಂಡ ಹಂಡೆಯಿಂದ ಬಟ್ಟೆ ಎತ್ತಿ ಕಲ್ಲಿನ ಮೇಲೆ ಹಾಕಿದ ಸದ್ದು ಕೇಳಿತು. ನೀರು ಸುರಿದು ಮೋರಿಗೆ ಹರಿದುಹೋಯಿತು.

"ಈಗ್ಲೂ ಇಲ್ಲ" ಎಂದಳು.

"ಬೇರೆಯವ್ರ ಮನೇಲೂ ಇಲ್ವಾ?"

"ಯಾರ ಮನೇಲೂ ಇಲ್ಲ. ಅವನು ದಾರಿ ತಪ್ಪಿಲ್ಲ. ನಿನ್ನಿಂದ ಏನೂ ಆಗಿಲ್ಲ."

"ಕಳೆದುಹೋಗಿ ಅಳ್ತಾ ಇಲ್ಲ ಅಲ್ವಾ?"

"ಇಲ್ಲ."

ಗುಂಡಿ ಉದ್ದಕ್ಕೆ ಉಸಿರೆಳೆದು, ಮೂಗನ್ನು ತಾಯಿಯ ತೋಳಿಗೆ ಒರೆಸಿ, ಭಾರವಾಗಿ ಒರಗಿದಳು. ಇಷ್ಟು ದಿನ ಕಟ್ಟಿಗೆಯ ಹಾಗೆ ಬಿಗಿದಿದ್ದ ಮೈ ತೊಡೆಯ ಮೇಲೆ ಸಡಿಲಗೊಂಡದ್ದು ಅವಳಿಗೆ ತಿಳಿಯಿತು. ಕೊಂಚ ಹೊತ್ತಿಗೆ, ಹಸಿವಾಗ್ತಿದೆ ಎಂದಿತು ಹುಡುಗಿ. ಅಡುಗೆಮನೆಗೆ ಹೋಗಿ ಬೆಳಗಿನ ತಂಗಳನ್ನೇ ಬಡಿಸಿಕೊಂಡು, ತಟ್ಟೆ ಸಮೇತ ಹಿಂಬದಿಗೆ ಅಪ್ಪನ ಹತ್ತಿರ ಓಡಿತು. "ಏನಮ್ಮಾ, ಗುಂಡಿ ಮತ್ತೆ ಹೊಲ್ಕೊಂಡಂಗಿದೆ!" ಎಂದು ಗಂಡ ಹೇಳಿದ್ದು, ಅದಕ್ಕೆ ಮಗಳು ಬಾಯಿ ತುಂಬಿಕೊಂಡೇ ಏನೋ ಉತ್ತರ ಕೊಟ್ಟದ್ದು ಕೇಳಿಸಿತು.

ಅತ್ತೆ ನೆಲದ ಮೇಲಿನ ಕರವಸ್ತ್ರಗಳನ್ನು ಒಂದೊಂದಾಗಿ ಆರಿಸಿಕೊಂಡರು. ಮಡಿಸಿದ್ದನ್ನೇ ಬಿಡಿಸಿ ಮತ್ತೆ ಮಡಿಸಿದರು.

"ನಿನ್ ಗಂಡ ಹುಟ್ಟೋಕ್ ಮುಂಚೆ ನಂಗೊಂದು ಹೋಗಿತ್ತು, ಹೆಣ್ಣು" ಎಂದರು. "ಅದು ಅಲ್ಲಿದೆ ಅಂತ ನಂಬದೇ ಇದ್ದಿದ್ರೆ ನಾನು ಏಳ್ತಿರ್ಲಿಲ್ಲ ಕಣಮ್ಮ."

"ಗೊತ್ತು ಅತ್ತೆ."

"ನೀನು ನಂಬಿದ್ದೆ ಅಂದ್ಕೊಂಡಿದ್ದೆ."

"ನಂಬಿದ್ದೆ."

ಅತ್ತೆ ಶಾಲನ್ನು ಹೊದ್ದುಕೊಂಡು, ಅದರ ಮೂಲೆಯ ನೀಲಿ ಗೆರೆಯನ್ನು ಹೆಬ್ಬೆರಳಿನಿಂದ ಉಜ್ಜುತ್ತ, ಬೀದಿ ನೋಡುತ್ತ ಕುಳಿತರು.

ಅವಳು ಬ್ಲೇಡು ತೆಗೆದುಕೊಂಡು ಬಿಚ್ಚಲು ಕುಳಿತಳು. ಗಂಟಿನ ಕೆಳಗೆ ತುದಿ ಹಾಕಿ ಕತ್ತರಿಸುವುದು, ದಾರ ಎಳೆಯುವುದು. ಬಟ್ಟೆಯಲ್ಲಿ ಸೂಜಿಯ ತೂತುಗಳು ಸಾಲಾಗಿ ಉಳಿಯುತ್ತಿದ್ದವು. ಅದರ ಮೇಲೆ ನೀರು ಚಿಮುಕಿಸಿ ಬಿಸಿ ಪೆಟ್ಟಿಗೆಯನ್ನು ಒಮ್ಮೆ ಒತ್ತಿ ಎತ್ತಿದರೆ ಎಳೆಗಳು ಉಬ್ಬಿ ಕೂಡಿಕೊಂಡು ತೂತು ಮುಚ್ಚಿಹೋಗುತ್ತವೆ. ಅಲ್ಲಿ ಏನಾದರೂ ಇತ್ತೆಂದು ಹೊಲಿದವರಿಗೂ ಗೊತ್ತಾಗುವುದಿಲ್ಲ. ಔಷಧಿ ಅಂಗಡಿಯವಳ ಮಗುವಿನ ಅಂಗಿ, ಟೋಪಿ, ಹೊದಿಕೆ, ಅವಳಿಮಕ್ಕಳ ಚಡ್ಡಿ, ಎಲ್ಲವೂ ಹಾಗೆ ಮುಗಿದವು. ಮೇಜಿನ ಮೂಲೆಯಲ್ಲಿ ನೀಲಿ ದಾರದ ತುಂಡುಗಳ ಚಿಕ್ಕ ಗುಪ್ಪೆಯೊಂದು ಬೆಳೆಯಿತು.

ಊಟ ಮುಗಿಸಿ ಬಂದ ಗುಂಡಿ ನೀರು ಚಿಮುಕಿಸುವ ಕೆಲಸ ತನಗೇ ಬೇಕೆಂದು ಬಾಟಲಿ ಕಿತ್ತುಕೊಂಡಳು. ಬೇಕಾದ್ದಕ್ಕಿಂತ ಹೆಚ್ಚೇ ಚಿಮುಕಿಸಿದಳು. ಕೊನೆಯ ಕಾಲ್ಚೀಲ ಮುಗಿದ ಮೇಲೆ ತಾಯಿ ಸ್ಟೂಲು ಹತ್ತಿ, ಬೀರುವಿನ ಮೇಲಿದ್ದ ಆಸ್ಪತ್ರೆಯ ಚೀಲವನ್ನು ಇಳಿಸಿದಳು. ಮೇಲೇ ಇತ್ತು ಬಿಳಿ ಅಂಗಿ. ಕೊರಳಪಟ್ಟಿಯನ್ನು ಹೊರಳಿಸಿ ಕಿಟಕಿಯ ಬೆಳಕಿಗೆ ಹಿಡಿದಳು. ದಾರವಿರಲಿಲ್ಲ. ಅದು ಇದ್ದ ಜಾಗದಲ್ಲಿ ಸೂಜಿಯ ತೂತುಗಳು ಎರಡು ಸಾಲಾಗಿ, ನೆಟ್ಟಗೆ, ಅವಳದೇ ಕೈಯ ಹೊಲಿಗೆಯ ಅಳತೆಯಲ್ಲಿ ತೆರೆದಿದ್ದವು. ಒಂದೊಂದರಲ್ಲೂ ಚುಕ್ಕಿಯಷ್ಟು ಬೆಳಕು ನಿಂತಿತ್ತು.

"ಇದಕ್ಕೂ ನೀರು ಹೊಡೀಲಾ ಅಮ್ಮ?" ಗುಂಡಿ ಬಾಟಲಿ ಎತ್ತಿ ಹಿಡಿದಿದ್ದಳು.

"ಬೇಡ" ಎಂದಳು ಅವಳು.

ಪೆಟ್ಟಿಗೆಯ ಸ್ವಿಚ್ಚು ಆರಿಸಿ, ಅಂಗಿಯನ್ನು ಮೇಜಿನ ಮೇಲೆ ಹಾಕಿ, ಸುಕ್ಕನ್ನು ಬರಿಗೈಯಿಂದಲೇ ಸವರಿ, ಕೊರಳು ಮೇಲಕ್ಕೆ ಬರುವ ಹಾಗೆ ಮಡಿಸಿದಳು.