ತಳ್ಳದೆ ಹತ್ತಿದ ಗಾಡಿ

ಇಂಗ್ಲೆಂಡಿನ ಕೆಂಟನ್ ಬಡಾವಣೆಯಲ್ಲಿದ್ದ ತಮ್ಮ ಮನೆಯ ಗ್ಯಾರೇಜಿನಲ್ಲಿ ರತ್ನಾಬಾಯಿ ಮೂರು ವರ್ಷ ಹಿಡಿದು ತಾನೇ ಬಿಚ್ಚಿ ಜೋಡಿಸಿದ ಇಂಗ್ಲಿಷ್ ಕಾರು ಅದು. 1904ರದ್ದು, ಒಂದೇ ಸಿಲಿಂಡರು, ಎರಡೇ ಗೇರು. ಹಳೆಯ ಕಾರುಗಳ ಕ್ಲಬ್ಬಿನವರು ಹತ್ತಿರದ ಹ್ಯಾರೋ ಗುಡ್ಡದಲ್ಲಿ ಏರು ಹತ್ತುವ ಪರೀಕ್ಷೆ ಇಟ್ಟ ಭಾನುವಾರ, ಗಂಡ ಶೇಖರಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳು ಎಲ್ಲೂ ನಿಲ್ಲದೆ ತುದಿ ಮುಟ್ಟಿದಳು.

ಅಲ್ಲಿ ಕೂತಿದ್ದ ತೀರ್ಪುಗಾರ ತನ್ನ ಪಟ್ಟಿಯಲ್ಲಿ ‘ತಳ್ಳಿ ಹತ್ತಿಸಿದ್ದು’ ಎಂದು ಬರೆದುಕೊಂಡ.

“ತಳ್ಳಿದ್ದನ್ನು ನೀವು ನೋಡಿದಿರಾ?” ಎಂದು ರತ್ನಾಬಾಯಿ ಇಂಗ್ಲಿಷಿನಲ್ಲಿ ಕೇಳಿದಳು.

“ನೋಡಬೇಕಾಗಿಲ್ಲ. ಇಬ್ಬರನ್ನು ಹೊತ್ತು ಇಂಥ ಗಾಡಿ ಈ ಏರು ಹತ್ತುವುದಿಲ್ಲ. ನಿಮ್ಮ ಯಜಮಾನರು ತಿರುವಿನಲ್ಲಿ ಇಳಿದು ತಳ್ಳಿರಬೇಕು.”

ಅವಳ ಮೈ ಉರಿಯಿತು. ಶೇಖರಪ್ಪ ಮೆಲ್ಲಗೆ, “ಹೋಗ್ಲಿ ಬಿಡ, ಮಂದಿ ನೋಡಾಕತ್ತಾರ,” ಎಂದ.

“ನೋಡ್ಲಿ. ಸುಳ್ಳು ಬರದಾನ, ಹೆಂಗ ಬಿಡ್ಲಿ? ನೀವು ಇಳೀರಿ.”

ಗಂಡ ಇಳಿದು ಖಾಲಿಯಾದ ಸೀಟನ್ನು ತೀರ್ಪುಗಾರನಿಗೆ ತೋರಿಸಿ, “ಹತ್ತಿ. ತಳ್ಳುವವರು ಯಾರೆಂದು ನೀವೇ ನೋಡುವಿರಂತೆ,” ಎಂದಳು. ಸುತ್ತಲಿನವರು ನಗತೊಡಗಿದ್ದರಿಂದ ಅವನು ಹತ್ತಲೇಬೇಕಾಯಿತು. ಶೇಖರಪ್ಪನಿಗಿಂತ ಅವನು ಒಂದೂವರೆ ಪಟ್ಟು ದಪ್ಪ.

ಬುಡಕ್ಕೆ ಇಳಿದು ಮತ್ತೆ ಹೊರಟರು. ತಿರುವಿನಲ್ಲಿ ಎಂಜಿನ್ನಿನ ಬಡಿತ ಕುಗ್ಗಿತು. ಅವಳು ಕೆಳಗಿನ ಗೇರಿಗೆ ಎಳೆದಳು. ಕಾರು ಗಡಗಡ ನಡುಗುತ್ತ, ನಡೆಯುವವರ ವೇಗದಲ್ಲಿ, ನಿಲ್ಲದೆ ಮೇಲೇರಿತು.

ತುದಿಯಲ್ಲಿ ಅವನು ಮೊದಲಿನ ಸಾಲನ್ನು ಹೊಡೆದುಹಾಕಿ, ‘ಯಾರೂ ತಳ್ಳದೆ ಹತ್ತಿದೆ’ ಎಂದು ಬರೆದ. ರತ್ನಾಬಾಯಿ ಬಗ್ಗಿ ಪಟ್ಟಿ ನೋಡಿದಳು. ಚಾಲಕರ ಹೆಸರಿನ ಜಾಗದಲ್ಲಿ ಕ್ಲಬ್ಬಿನವರು ಮೊದಲೇ ಶೇಖರಪ್ಪ ಎಂದು ಬರೆದಿಟ್ಟಿದ್ದರು.

“ಪೆನ್ನು ಇತ್ತ ಕೊಡಿ,” ಎಂದು ಕೈಚಾಚಿದಳು. ಗಂಡನ ಹೆಸರಿಗೆ ಗೀಟು ಹಾಕಿ, ತನ್ನ ಹೆಸರನ್ನು ದೊಡ್ಡ ಅಕ್ಷರದಲ್ಲಿ ತಾನೇ ಬರೆದಳು.