ಗಂಡ ಬಂದ ದಿನದ ಮಾತ್ರೆ

ಟೈಲರಮ್ಮನ ಮುಟ್ಟು ಹನ್ನೆರಡು ದಿನ ತಡವಾಗಿತ್ತು. ಜೀವ ಕೈಯಲ್ಲಿ ಹಿಡಿದುಕೊಂಡೇ ಯಂತ್ರ ತುಳಿಯುತ್ತಿದ್ದಳು. ಅವತ್ತು ಒಂದು ಅಂಗಿಗೆ ಎರಡೂ ಎಡತೋಳೇ ಹೊಲಿದಿಟ್ಟಳು, ಪಾಪ! ಕಿರಿಯ ಮಗುವಿಗೆ ಇನ್ನೂ ಹತ್ತು ತಿಂಗಳು. ಅದು ಹುಟ್ಟಿದ್ದು ಸಿಸೇರಿಯನ್ ಆಗಿ. "ಎರಡು ವರ್ಷ ಮತ್ತೆ ಬಸುರಾಗಬೇಡಮ್ಮ, ನಿನ್ನ ಜೀವಕ್ಕೇ ಕುತ್ತು" ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಲಾರಿ ಓಡಿಸುವ ಗಂಡ ಹತ್ತು ದಿನದ ಮೇಲೆ ಮನೆಗೆ ಬಂದ. ವಿಷಯ ತಿಳಿದು, ಹೆಗಲ ಚೀಲ ಇಳಿಸುವ ಮೊದಲೇ ಕೇಳಿದ.

"ಬಸುರಾಗದ ಮಾತ್ರೆ ನುಂಗ್ತಿದ್ದೆಯಲ್ಲೇ?"

"ತಪ್ಪದೆ ನುಂಗಿದೀನಿ ಕಣ್ರೀ. ನೀವು ಮನೇಲಿದ್ದ ದಿನವೆಲ್ಲ!"

ಇಬ್ಬರೂ ಆರೋಗ್ಯ ಕೇಂದ್ರಕ್ಕೆ ಹೋದರು. ನರ್ಸಕ್ಕ ಪರೀಕ್ಷೆ ಮಾಡಿ, "ಬಸುರಿಲ್ಲ, ಈ ಸಲ ಬಚಾವಾದೆ" ಎಂದಾಗ ಟೈಲರಮ್ಮ ಅವಳ ಎರಡೂ ಕೈ ಹಿಡಿದುಕೊಂಡಳು. ಮಾತ್ರೆ ನುಂಗಿದ ಲೆಕ್ಕ ಕೇಳಿ ನರ್ಸಕ್ಕ ಹಣೆ ಚಚ್ಚಿಕೊಂಡಳು.

"ಮಾತ್ರೆ ದಿನಾ ನುಂಗಬೇಕು ಕಣಮ್ಮ. ಗಂಡ ಲಾರಿ ಹತ್ತಿದ ಅಂತ ಮಾತ್ರೆಗೆ ರಜೆ ಕೊಡ್ತಾರಾ?"

"ಇದೆಲ್ಲ ಹೆಂಗಸರ ವಿಷಯ. ನನಗೇನು ಗೊತ್ತಾಗುತ್ತೆ ನರ್ಸಕ್ಕ?" ಎಂದು ಗಂಡ ಗೊಣಗಿದ.

"ಓಹೋ, ಮಗು ಇಬ್ಬರದು, ಎಚ್ಚರ ಮಾತ್ರ ಅವಳೊಬ್ಬಳದಾ? ಸರಿ, ಇಬ್ಬರೂ ಹೇಳಿ. ಮೂರನೇ ಮಗು ಬೇಕಾ?"

"ಬೇಕು" ಎಂದ ಅವನು. "ಸಾಕು" ಎಂದಳು ಇವಳು. ಎರಡೂ ಒಟ್ಟಿಗೇ ಬಂದವು. ಮದುವೆಯಾಗಿ ಏಳು ವರ್ಷ, ಈ ಮಾತು ಒಂದು ದಿನವೂ ಆಡಿರಲಿಲ್ಲ!

"ನೀನು ಹೇಳಲೇ ಇಲ್ಲವಲ್ಲೇ?"

"ನೀವು ಕೇಳಿದ್ರೆ ತಾನೆ?"

ನರ್ಸಕ್ಕ ನಕ್ಕಳು. "ಹಾಗಾದ್ರೆ ಆಪರೇಷನ್ ಮಾತು ಈಗ ಬೇಡ. ಗಂಡಸಿಗಾಗಲಿ ಹೆಂಗಸಿಗಾಗಲಿ, ಇನ್ನು ಮಕ್ಕಳೇ ಬೇಡ ಅಂತ ಗಟ್ಟಿ ಮಾಡಿಕೊಂಡವರಿಗೆ ಅದು. ಇಂಜೆಕ್ಷನ್ ಇದೆ, ಮೂರು ತಿಂಗಳಿಗೊಮ್ಮೆ ಬರಬೇಕು. ಗರ್ಭಕೋಶದೊಳಗಿಡೋ ಕಾಪರ್-ಟಿ ಒಮ್ಮೆ ಹಾಕಿಸಿದ್ರೆ ವರ್ಷಗಟ್ಟಲೆ ಇರುತ್ತೆ. ಮಗು ಬೇಕಾದಾಗ ತೆಗೆಸಬಹುದು. ಮೊದಮೊದಲು ಮುಟ್ಟು ಜಾಸ್ತಿ ಹೋಗಬಹುದು, ಹೊಟ್ಟೆ ನೋಯಬಹುದು. ತಡೆಯೋಕಾಗದಿದ್ರೆ ಬಂದು ತೋರಿಸಿ."

"ಅದು ಎದೆಗೆ ಹತ್ತುತ್ತಂತೆ? ಪಂಕ್ಚರ್ ಅಂಗಡಿಯವನು ಹೇಳಿದ." ಗಂಡನಿಗೆ ಅನುಮಾನ.

"ಅವನಿಗೆ ಟೈರು ಗೊತ್ತು ಕಣಪ್ಪ, ಗರ್ಭಕೋಶ ಗೊತ್ತಿಲ್ಲ. ಅಲ್ಲಿಂದ ಎದೆಗೆ ದಾರಿನೇ ಇಲ್ಲ!"

ಟೈಲರಮ್ಮ ಕಾಪರ್-ಟಿಯೇ ಸಾಕೆಂದಳು. "ಮುಟ್ಟು ಬಂದ ಕೂಡಲೇ ಬಾ. ವಾರದಲ್ಲಿ ಬರದಿದ್ರೂ ಬಾ, ಇನ್ನೊಮ್ಮೆ ಪರೀಕ್ಷೆ ಮಾಡೋಣ. ಅಲ್ಲೀವರೆಗೆ ಇದು ನಿನ್ನ ಪಾಲು ಕಣಪ್ಪ" ಎಂದು ನರ್ಸಕ್ಕ ಕಾಂಡೋಮ್ ಪೊಟ್ಟಣವನ್ನು ಗಂಡನ ಕೈಗಿಟ್ಟಳು. ಅವನು ನಾಚಿಕೊಂಡೇ ಜೇಬಿಗೆ ಹಾಕಿಕೊಂಡ.

ದಾರಿಯಲ್ಲಿ ಅವನೇ ಬಾಯಿಬಿಟ್ಟ. "ಮೂರನೇದರ ಮಾತು ಎರಡು ವರ್ಷ ಆದಮೇಲೆ ಕೇಳ್ತೀನಿ. ಆಗಲೂ ನೀನು ಸಾಕು ಅಂದ್ರೆ ಆಪರೇಷನ್ ನನಗೇ ಆಗಲಿ. ನೀನು ಒಂದು ಸಲ ಕುಯ್ಸಿಕೊಂಡಿದ್ದು ಸಾಕು."

"ಈ ಮಾತು ಮರೀಬೇಡಿ ಮತ್ತೆ" ಎಂದು ಟೈಲರಮ್ಮ ನಕ್ಕಳು. ನಾಲ್ಕನೆಯ ದಿನ ಮುಟ್ಟು ಬಂತು. ಅವಳು ಆರೋಗ್ಯ ಕೇಂದ್ರಕ್ಕೆ ಹೋಗಿ ಕಾಪರ್-ಟಿ ಹಾಕಿಸಿಕೊಂಡು ಬಂದಳು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಇವತ್ತೇ ನಿಮ್ಮ ಜೋಡಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿ: ಇನ್ನೊಂದು ಮಗು ಬೇಕಾ? ಬೇಕಾದರೆ ಯಾವಾಗ? ಉತ್ತರ ಬೇರೆಬೇರೆ ಬಂದರೂ ಹೆದರಬೇಡಿ. ಇಬ್ಬರೂ ಒಟ್ಟಿಗೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ.